ಒಳಗಿನ ಗಿರಾಕಿ

ಕೊಟ್ಟೂರಿಗೆ ಹೋಗಿ, ಕೊಟ್ಟೂರೇಶ್ವರನಿಗೆ ಕೈ ಮುಗಿದು, ಒಗ್ಗರಣೆ-ಮಿರ್ಚಿ ತಿನ್ನದೆ ವಾಪಸ್ಸು ಬಂದೆ ಅಂದರೆ ನಮ್ಮ ಕಡೆ 'ಮತ್ತ ಹೋಗಿದ್ದ್ಯಾಕ?' ಅಂತ ಕೇಳುತ್ತಾರೆ. ಆ ಮಾತು ಕೇಳಿಸಿಕೊಳ್ಳುವ ಪ್ರಸಂಗ ನನಗೆ ಇವತ್ತಿನವರೆಗೂ ಬಂದಿಲ್ಲ. ನೀರಲ್ಲಿ ನೆನೆಸಿ ಹಿಂಡಿ, ಈರುಳ್ಳಿ ಅರಿಸಿನದ ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಪುಡಿ ಉದುರಿಸಿದ ಮಂಡಕ್ಕಿ. ಪಕ್ಕದಲ್ಲಿ ಈಗಷ್ಟೇ ಬಾಣಲೆಯಿಂದ ಎದ್ದ ಎರಡು ಮಿರ್ಚಿ. ಕಾಗದದ ಮೇಲೆ ಎಣ್ಣೆ ಮೆಲ್ಲಗೆ ಹರಡುವುದನ್ನು ನೋಡುತ್ತಾ ಒಂದು ನಿಮಿಷ ಕಾಯಬೇಕು. ಆಮೇಲೆ ಕಚ್ಚಿದರೆ ಮೊದಲು ಕಡಲೆಹಿಟ್ಟಿನ ಗರಿ ಸಿಗುತ್ತದೆ, ಅದರೊಳಗೆ ಮೆತ್ತಗಾದ ಮೆಣಸಿನಕಾಯಿ ಸಿಗುತ್ತದೆ, ನಂತರ ಒಂದು ಗಳಿಗೆ ಏನೂ ಇಲ್ಲ. ಆ ಏನೂ ಇಲ್ಲದ ಗಳಿಗೆ ನನಗೆ ಬಹಳ ಇಷ್ಟ. ಅದು ಮುಗಿಯುತ್ತಿದ್ದಂತೆ ನಾಲಿಗೆಯ ತುದಿಯಲ್ಲಿ ಹತ್ತಿಕೊಂಡದ್ದು ತುಟಿ, ಅಂಗುಳ, ಗಂಟಲು ದಾಟಿ ಕಿವಿಯ ಬುಡದವರೆಗೆ ಏರುತ್ತದೆ. ಹಣೆ ಬೆವರುತ್ತದೆ, ಮೂಗು ಸೋರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅಷ್ಟರಲ್ಲಿ ಕೈ ಎರಡನೇ ಮಿರ್ಚಿಗೆ ಹೋಗಿರುತ್ತದೆ.

'ಬಾಯಿ ಉರೀತೈತಿ' ಅನ್ನುತ್ತೇವೆ. ಒಲೆ ಉರಿಯುವುದಕ್ಕೂ ಬಾಯಿ ಉರಿಯುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ಈ ಮಾತು ಎಷ್ಟು ಸರಿ ಅಂತ ತಿಳಿದದ್ದು 1997ರಲ್ಲಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಮೆಣಸಿನಕಾಯಿಯ ಖಾರದ ವಸ್ತು ಕ್ಯಾಪ್ಸೈಸಿನ್ ನಮ್ಮ ನರದ ತುದಿಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಅಂತ ಪತ್ತೆ ಹಚ್ಚಿದರು. ಅದು ಕೂರುವ ಜಾಗ ರುಚಿಯದಲ್ಲ, ಬಿಸಿ ತಾಗಿದ್ದನ್ನು ತಿಳಿಸುವ ಜಾಗ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆದುಕೊಂಡು 'ಸುಡ್ತೈತಿ, ಕೈ ತಗಿ' ಅಂತ ಕೂಗುವ ಬಾಗಿಲು ಅದು. ಕ್ಯಾಪ್ಸೈಸಿನ್ ಹೋಗಿ ಕೂತರೆ ಸಾಕು, ಬೆಂಕಿಯೇ ಇಲ್ಲದೆ ಆ ಬಾಗಿಲು ತೆರೆಯುತ್ತದೆ. ಮಿದುಳಿಗೆ ಮುಟ್ಟುವ ಸುದ್ದಿ ಒಂದೇ: ಬಾಯಿಗೆ ಬೆಂಕಿ ಬಿದ್ದಿದೆ. ಆರಿಸಲು ಮೈ ನೀರು ಹರಿಸುತ್ತದೆ. ಮಿರ್ಚಿ ತಿಂದ ಮೇಲೆ ಬಿಸಿ ಬಿಸಿ ಚಾ ಕುಡಿದರೆ ಯಾಕೆ ಇಮ್ಮಡಿ ಉರಿಯುತ್ತದೆ ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ಅದಾಗಲೇ ಅರ್ಧ ತೆರೆದ ಬಾಗಿಲಿಗೆ ನಿಜವಾದ ಬಿಸಿಯೂ ಬಂದು ಒರಗುತ್ತದೆ. ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಆ ಸುದ್ದಿ ಓದಿದ ದಿನ ನಾನು ಕೊಟ್ಟೂರಿಗೆ ಹೋಗಿ ಮಿರ್ಚಿ ತಿಂದು ಬಂದೆ.

ನಮ್ಮ ಅಜ್ಜಿ ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸುವಾಗ ಕೋಳಿಗಳು ಬಂದು ಕುಕ್ಕುತ್ತಿದ್ದವು, ತೋಟದಲ್ಲಿ ಗಿಳಿಗಳು ಹಣ್ಣುಗಾಯಿಯನ್ನೇ ಹುಡುಕಿ ತಿನ್ನುತ್ತಿದ್ದವು. 'ಅವಕ್ಕ ಖಾರ ಹತ್ತಂಗಿಲ್ಲೇನಬೇ?' ಅಂತ ಕೇಳಿದರೆ ಅಜ್ಜಿ, 'ಅವಕ್ಕ ನಾಲಿಗಿ ಕಲ್ಲಿಂದ ಮಾಡ್ಯಾನ ದೇವ್ರು' ಅನ್ನುತ್ತಿದ್ದಳು. ಅವಳು ಕಂಡದ್ದು ನಿಜವೇ. ಹಕ್ಕಿಗಳಿಗೂ ಬಿಸಿ ತಿಳಿಯುವ ಅದೇ ಬಾಗಿಲಿದೆ, ಆದರೆ ಕ್ಯಾಪ್ಸೈಸಿನ್ ಕೂರುವ ತಗ್ಗಿನ ಆಕಾರ ಸ್ವಲ್ಪ ಬೇರೆ, ಅದು ಅಲ್ಲಿ ನಿಲ್ಲುವುದಿಲ್ಲ. ಹಕ್ಕಿ ಬೀಜವನ್ನು ಅಗಿಯದೆ ನುಂಗಿ ದೂರ ಹೋಗಿ ಹಾಕುತ್ತದೆ, ಅಗಿಯುವ ಹಲ್ಲಿರುವ ಪ್ರಾಣಿಯ ಬಾಯಿ ಮಾತ್ರ ಉರಿಯುತ್ತದೆ. ಗಿಡ ತನಗೆ ಬೇಕಾದವರನ್ನು ಕರೆದು ಬೇಡದವರನ್ನು ಅಟ್ಟಲು ಮಾಡಿಕೊಂಡ ಏರ್ಪಾಡು ಇದು. ಅಂದ ಹಾಗೆ ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ನಾರಿನಲ್ಲಿ. ಮೆಣಸಿನಕಾಯಿ ಸೀಳಿದ ಕೈ ರಾತ್ರಿಯೆಲ್ಲ ಉರಿದರೆ ಅಜ್ಜಿ ನೀರು ಮುಟ್ಟಿಸುತ್ತಿರಲಿಲ್ಲ, ಬೆಣ್ಣೆ ಸವರುತ್ತಿದ್ದಳು. ಆ ಉರಿ ಜಿಡ್ಡಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ.

ನಾನು ಬಸ್ಸಿನ ಬೋರ್ಡಿನ ಮೇಲೆ ಎಚ್.ಬಿ. ಹಳ್ಳಿ ಅಂತ ಬರೆದಿರುತ್ತದಲ್ಲ, ಆ ಹಗರಿಬೊಮ್ಮನಹಳ್ಳಿಯಲ್ಲಿ ಮೂವತ್ತೆರಡು ವರ್ಷ ಮೆಡಿಕಲ್ ಅಂಗಡಿ ನಡೆಸಿದವನು. ಡಿಪ್ಲೊಮಾ ಓದುವಾಗ ಕಲಿತದ್ದರಲ್ಲಿ ಬಹಳಷ್ಟು ಮರೆತಿತ್ತು. ಒಂದು ಪದ ಮಾತ್ರ ಮರೆಯಲಿಲ್ಲ. ಇಂಗ್ಲಿಷಿನವರು ರಿಸೆಪ್ಟರ್ ಅನ್ನುವುದಕ್ಕೆ ನಮ್ಮ ವಿಜ್ಞಾನದ ಪುಸ್ತಕಗಳಲ್ಲಿ 'ಗ್ರಾಹಕ' ಅಂತ ಬರೆದಿರುತ್ತಾರೆ. ಗ್ರಾಹಕ ಅಂದರೆ ತೆಗೆದುಕೊಳ್ಳುವವನು. ಅಂಗಡಿಯಲ್ಲಿ ಕೂತವನಿಗೆ ಗ್ರಾಹಕ ಅಂದರೆ ಗಿರಾಕಿ, ಎರಡೂ ಒಂದೇ ಬೇರಿನ ಮಾತು. ಹೊರಗೆ ನಿಂತು ಚೀಟಿ ಚಾಚುವವನು ನನ್ನ ಗಿರಾಕಿ. ನಾನು ಕೊಟ್ಟ ಗುಳಿಗೆಯ ನಿಜವಾದ ಗಿರಾಕಿ ಅವನೊಳಗಿದ್ದಾನೆ. ಜೀವಕೋಶದ ಪೊರೆಯ ಮೇಲೆ ಕೂತು ರಕ್ತದಲ್ಲಿ ತೇಲಿ ಬರುವ ಸಾವಿರ ಸರಕಿನಲ್ಲಿ ತನ್ನದು ಯಾವುದು ಅಂತ ಮುಟ್ಟಿ ನೋಡಿ ಗುರುತಿಸುತ್ತಾನೆ. ಅವನು ತೆಗೆದುಕೊಳ್ಳದಿದ್ದರೆ ಎಷ್ಟೋ ಔಷಧಿ ಬರೀ ಪುಡಿ, ಎಷ್ಟೋ ವಿಷ ಬರೀ ನೀರು.

ಇಂಥವನೊಬ್ಬ ಒಳಗಿರಬೇಕು ಅಂತ ಊಹಿಸಿದವರಲ್ಲಿ ಮೊದಲಿಗರು ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ, 1905ರಲ್ಲಿ. ಅಲ್ಲೂ ಕೋಳಿಯೇ. ಕೋಳಿಯ ಸ್ನಾಯುವಿಗೆ ತಂಬಾಕಿನ ನಿಕೋಟಿನ್ ತಾಗಿಸಿದರೆ ಅದು ಬಿಗಿಯುತ್ತಿತ್ತು. ನರ ಕತ್ತರಿಸಿ ಸತ್ತ ಮೇಲೂ ಬಿಗಿಯುತ್ತಿತ್ತು. ದಕ್ಷಿಣ ಅಮೆರಿಕದ ಬೇಡರು ಬಾಣಕ್ಕೆ ಹಚ್ಚುವ ಕ್ಯುರಾರೆ ಹಾಕಿದರೆ ಆ ಬಿಗಿತ ಸಡಿಲವಾಗುತ್ತಿತ್ತು. ಎರಡೂ ಒಂದೇ ಜಾಗಕ್ಕೆ ಜಗಳವಾಡುತ್ತಿವೆ, ಆ ಜಾಗ ಸ್ನಾಯುವಿನ ಮೇಲೇ ಇದೆ ಅಂತ ಅವರು ತೀರ್ಮಾನಿಸಿದರು. ಕಣ್ಣಿಗೆ ಕಾಣದ್ದನ್ನು ಅದರ ಜಗಳದಿಂದ ಗುರುತಿಸಿದ ಈ ಬುದ್ಧಿಯನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಜಗಳ ಅಂದೆನಲ್ಲ, ಅದನ್ನು ನಮ್ಮ ಕಡೆಯವರಿಗೆ ಹೇಳಿಕೊಡುವ ಅಗತ್ಯವೇ ಇಲ್ಲ. ಹುಣ್ಣಿಮೆ ಅಮಾವಾಸ್ಯೆಗೆ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ. ಹಡಗಲಿ ಬಸ್ಸು ಇನ್ನೂ ನಿಂತಿರುವುದಿಲ್ಲ, ಕಿಟಕಿಯಿಂದ ಟವೆಲ್ಲು ಒಳಗೆ ಬಿದ್ದಿರುತ್ತದೆ. ಟವೆಲ್ಲು ಪ್ರಯಾಣ ಮಾಡುವುದಿಲ್ಲ, ಟಿಕೆಟ್ ತೆಗೆಸುವುದಿಲ್ಲ. ಆದರೆ ಅದು ಬಿದ್ದಿರುವಷ್ಟು ಹೊತ್ತು ಆ ಸೀಟಿನಲ್ಲಿ ಬೇರೆಯವರು ಕೂರುವ ಹಾಗಿಲ್ಲ. ನನ್ನ ಅಂಗಡಿಯ ಬಹಳಷ್ಟು ಔಷಧಿ ಇಂಥ ಟವೆಲ್ಲುಗಳೇ ಆಗಿದ್ದವು.

ಬೆಳಿಗ್ಗೆ ಕುಡಿಯುವ ಚಾ ಕೂಡ ಟವೆಲ್ಲೇ. ಎಚ್ಚರವಿದ್ದಷ್ಟು ಹೊತ್ತೂ ಮೈ ದುಡಿಯುತ್ತದೆ, ದುಡಿದ ಗುರುತಾಗಿ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಒಟ್ಟಾಗುತ್ತಾ ಹೋಗುತ್ತದೆ. ಅದು ತನ್ನ ಸೀಟಿನಲ್ಲಿ ಕೂತರೆ ಕಣ್ಣು ಎಳೆಯುತ್ತದೆ. ಚಾ-ಕಾಫಿಯ ಕೆಫೀನ್ ನೋಡಲಿಕ್ಕೆ ಅದರ ಹಾಗೇ ಇದೆ. ಸೀಟಿನಲ್ಲಿ ಬೀಳುತ್ತದೆ, ಆದರೆ ನಿದ್ದೆಯ ಗಂಟೆ ಹೊಡೆಯುವುದಿಲ್ಲ. ಆಯಾಸ ಹೋಗಿರುವುದಿಲ್ಲ, ಬಾಗಿಲ ಬಳಿ ನಿಂತೇ ಇರುತ್ತದೆ. ದಿನಾ ಆರು ಲೋಟ ಕುಡಿಯುವವರ ಮೈ ಈ ಅಡಚಣೆ ನೋಡಿ ಇನ್ನಷ್ಟು ಸೀಟು ಹಾಕಿಸಿಕೊಳ್ಳುತ್ತದೆ. ಶಿವರಾತ್ರಿಯ ಉಪವಾಸದ ದಿನ ಚಾ ಬಿಟ್ಟಾಗ ಆ ಸೀಟುಗಳೆಲ್ಲ ಒಮ್ಮೆಗೇ ತುಂಬಿ, ತಲೆಯ ರಕ್ತನಾಳಗಳು ಹಿಗ್ಗಿ, ಮಧ್ಯಾಹ್ನದೊಳಗೆ ತಲೆ ಸಿಡಿಯುತ್ತದೆ. 'ಹೊಟ್ಟಿ ಖಾಲಿ ಐತಲ್ರಿ, ಅದಕ್ಕ' ಅಂತ ಗುಳಿಗೆ ಕೇಳಲು ಬರುತ್ತಿದ್ದವರಿಗೆ ನಾನು, 'ಹೊಟ್ಟಿದಲ್ಲಕ್ಕ, ಚಾದ್ದು' ಅನ್ನುತ್ತಿದ್ದೆ. ನಂಬಿದವರು ಕಡಿಮೆ.

ನೆಗಡಿ, ಪಿತ್ತಗಂಧೆಗೆ ಕೊಡುವ ಅವಿಲ್ ಗುಳಿಗೆಯೂ ಹಾಗೆಯೇ. ತುರಿಕೆ ತರುವ ಹಿಸ್ಟಮಿನ್ ಕೂರುವ ಸೀಟಿನಲ್ಲಿ ಬೀಳುತ್ತದೆ, ತುರಿಕೆ ನಿಲ್ಲುತ್ತದೆ. ಆದರೆ ಇದೇ ಹಿಸ್ಟಮಿನ್ ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ಕೆಲಸ ಮಾಡುತ್ತಿರುತ್ತದೆ. ಹಳೆಯ ಗುಳಿಗೆಗಳು ಮಿದುಳಿಗೂ ನುಗ್ಗುವುದರಿಂದ ಅಲ್ಲಿಯೂ ಸೀಟು ಹಿಡಿಯುತ್ತವೆ, ನಿದ್ದೆ ಬರುತ್ತದೆ. ಜೊತೆಗೆ ಜೊಲ್ಲಿನ ಗ್ರಂಥಿಯ ಸೀಟಿಗೂ ಅವು ಹೊಂದಿಕೊಳ್ಳುತ್ತವೆ, ಬಾಯಿ ಒಣಗುತ್ತದೆ. ಕೂಡ್ಲಿಗಿಯ ಮೇಲೆ ಹಾದುಹೋಗುವ ಹೊಸಪೇಟೆ-ಚಿತ್ರದುರ್ಗ ಹೆದ್ದಾರಿಯ ಲಾರಿ ಡ್ರೈವರುಗಳು ಬಂದು 'ನೆಗಡಿಗೆ ಏನಾರ ಕೊಡ್ರಿ' ಅಂದರೆ, ನಾನು ಮೊದಲು ಕೇಳುತ್ತಿದ್ದದ್ದು 'ಗಾಡಿ ಇವತ್ತು ಹೊಡಿಯೋರೇನು?' ಅಂತ. ಎಷ್ಟೋ ಸಲ ಏನೂ ಕೊಡದೆ ಕಳಿಸಿದ್ದೇನೆ. ಬೈದು ಹೋದವರೂ ಇದ್ದಾರೆ, ಆಮೇಲೆ ಬಂದು ಮಾತಾಡಿಸಿದವರೂ ಇದ್ದಾರೆ.

ಬಿ.ಪಿ. ಗುಳಿಗೆಯವರೂ ಹೊಟ್ಟೆಯ ಉರಿಯವರೂ ಒಂದೇ ಸಾಲಿನಲ್ಲಿ ನಿಂತಿದ್ದರೆ ನನಗೆ ಜೇಮ್ಸ್ ಬ್ಲಾಕ್ ನೆನಪಾಗುತ್ತಿದ್ದರು. ಸ್ಕಾಟ್ಲೆಂಡಿನವರು. ಹೃದಯವನ್ನು ಓಡಿಸುವ ಅಡ್ರಿನಲಿನ್‌ನ ಸೀಟಿಗೆ ಒಂದು ಟವೆಲ್ಲು, ಜಠರದ ಆಮ್ಲ ಹೆಚ್ಚಿಸುವ ಹಿಸ್ಟಮಿನ್‌ನ ಸೀಟಿಗೆ ಇನ್ನೊಂದು, ಎರಡನ್ನೂ ಲೆಕ್ಕ ಹಾಕಿ ನೇಯ್ದವರು ಅವರೇ. 1988ರ ನೊಬೆಲ್ ಪಡೆದವರಲ್ಲಿ ಒಬ್ಬರು. ಅದಕ್ಕೂ ಮೊದಲು ಔಷಧಿಗಳು ಬಹುಮಟ್ಟಿಗೆ ಅಕಸ್ಮಾತ್ ಸಿಕ್ಕವು. ಬ್ಲಾಕ್ ಮೊದಲು ಸೀಟು ನೋಡಿದರು, ಆಮೇಲೆ ಬಟ್ಟೆ ಕತ್ತರಿಸಿದರು.

ಎಲ್ಲರೂ ಟವೆಲ್ಲುಗಳಲ್ಲ. ಸೀಟಿನಲ್ಲಿ ಕೂತು ಗಂಟೆಯ ಹಗ್ಗ ಜಗ್ಗುವವರೂ ಇದ್ದಾರೆ. ಊಟವಾದ ಮೇಲೆ ನಮ್ಮ ಸೋದರಮಾವ ಎಲೆ ಅಡಿಕೆ ಹಾಕುವುದನ್ನು ನೋಡಲಿಕ್ಕೇ ಒಂದು ಚೆಂದ. ಎಲೆಯ ಬೆನ್ನಿಗೆ ಉಗುರಿನಷ್ಟು ಸುಣ್ಣ ಸವರಿ, ನಾರು ತೆಗೆದು, ಅಡಿಕೆಯ ಚೂರು, ಕೊನೆಗೆ ಅಂಗೈಯಲ್ಲಿ ತಿಕ್ಕಿದ ಕಡ್ಡಿಪುಡಿ. ಎರಡು ನಿಮಿಷದಲ್ಲಿ ಕಿವಿ ಬೆಚ್ಚಗಾಗುತ್ತಿತ್ತು, ಹಣೆಯಲ್ಲಿ ಸಣ್ಣ ಬೆವರು, ಬಾಯಿತುಂಬ ರಸ, ಮಾತಿಗೆ ಹುರುಪು. ಅಡಿಕೆಯ ಅರೆಕೊಲಿನ್ ಮತ್ತು ತಂಬಾಕಿನ ನಿಕೋಟಿನ್ ಎರಡೂ ಅಸಿಟೈಲ್‌ಕೋಲಿನ್ ಎಂಬ ನಮ್ಮ ಮೈಯದೇ ದೂತನ ಸೀಟುಗಳಲ್ಲಿ ಕೂತು ಹಗ್ಗ ಜಗ್ಗುತ್ತವೆ. ಜೊಲ್ಲು, ಬೆವರು ಒಂದು ಬಗೆಯ ಸೀಟಿನ ಕೆಲಸ, ಹುರುಪು ಇನ್ನೊಂದು ಬಗೆಯದು. ಸುಣ್ಣ ಬರೀ ರುಚಿಗಲ್ಲ, ರಸ ಬಾಯಿಯ ಚರ್ಮದ ಮೂಲಕ ಬೇಗ ರಕ್ತಕ್ಕೆ ಇಳಿಯಲು ಅದು ದಾರಿ ಮಾಡಿಕೊಡುತ್ತದೆ. ಮಾವನ ಕೈಯ ಆ ಕ್ರಮ, ಆ ನಿಧಾನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೊನೆಯ ವರ್ಷಗಳಲ್ಲಿ ಅವರ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಒಳಗಿನ ಚರ್ಮ ಹಗ್ಗದ ಹಾಗೆ ಗಟ್ಟಿಯಾಗಿತ್ತು. ಮುದ್ದೆಯನ್ನು ಗಂಜಿ ಮಾಡಿ ಕುಡಿಸಬೇಕಾಗುತ್ತಿತ್ತು. ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಪಟ್ಟಿಗೆ ಸೇರಿಸಿದೆ. ತಂಬಾಕು ಬಿಟ್ಟು ಬರೀ ಅಡಿಕೆ ಹಾಕುತ್ತೇನೆ ಅನ್ನುವವರಿಗೂ ನಾನು ಇದನ್ನು ಹೇಳುತ್ತೇನೆ, ಮಾವನ ಬಾಯಿ ನೆನಪಿಸಿಕೊಂಡು ಹೇಳುತ್ತೇನೆ.

ಅಸಿಟೈಲ್‌ಕೋಲಿನ್ ಬಗ್ಗೆ ಇನ್ನೂ ಒಂದು ಮಾತಿದೆ. ಮಳೆಗಾಲದ ಒಂದು ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಟಂಟಂ ಬಂದು ನಿಂತಿತು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಅವನ ಅಣ್ಣನ ತೋಳಲ್ಲಿ ಒರಗಿದ್ದ. 'ಹತ್ತಿ ಹೊಲಕ್ಕ ಎಣ್ಣಿ ಹೊಡ್ಯಾಕ ಹತ್ತಿದ್ದ ರೀ, ಗಾಳಿಗೆ ಎದುರು ನಿಂತಿದ್ದ. ತಲಿ ತಿರುಗಿ ಬಿದ್ದ. ಏನಾರ ಗುಳಿಗಿ ಕೊಡ್ರಿ' ಅಂದ ಅಣ್ಣ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೆಸರು. ಹುಡುಗನ ಅಂಗಿ ಬೆವರಿನಿಂದ ಹಿಂಡುವಷ್ಟು ಒದ್ದೆ, ಬಾಯಿಯಿಂದ ಜೊಲ್ಲಿನ ಎಳೆ ಇಳಿದು ಎದೆಯವರೆಗೆ, ಕಣ್ಣೀರು, ಉಸಿರಿನಲ್ಲಿ ಗೊರಗೊರ. ಕಣ್ಣಿನ ರೆಪ್ಪೆ ಎತ್ತಿ ನೋಡಿದೆ. ಪಾಪೆ ರಾಗಿಕಾಳಿನಷ್ಟಾಗಿತ್ತು. 'ಗುಳಿಗಿ ಕೆಲಸ ಅಲ್ಲಪ್ಪ ಇದು' ಅಂದವನೇ ಬಾಗಿಲೆಳೆದು ನಾನೂ ಟಂಟಂ ಹತ್ತಿದೆ. ಅಂಗಿ ಬಿಚ್ಚಿಸಿ ಹಾದಿಯುದ್ದಕ್ಕೂ ಮೈಗೆ ನೀರು ಸುರಿದೆವು. ಆ ಎಣ್ಣೆ ಚರ್ಮದಿಂದಲೂ ಒಳಗಿಳಿಯುತ್ತದೆ.

ಅಸಿಟೈಲ್‌ಕೋಲಿನ್ ಸೀಟಿನಲ್ಲಿ ಕೂತು, ಗಂಟೆ ಹೊಡೆದು, ಕಣ್ಣು ಮಿಟುಕಿಸುವುದರೊಳಗೆ ಎದ್ದು ಹೋಗಬೇಕು. ಎಬ್ಬಿಸಿ ಕಳಿಸಲು, ಅಂದರೆ ಅದನ್ನು ಒಡೆದು ಹಾಕಲು, ಒಂದು ಕಿಣ್ವವಿದೆ. ಈ ಬಗೆಯ ಕೀಟನಾಶಕ ಆ ಕಿಣ್ವದ ಕೈ ಕಟ್ಟಿಬಿಡುತ್ತದೆ. ಆಗ ಬಂದವರು ಯಾರೂ ಏಳುವುದಿಲ್ಲ, ಗಂಟೆ ನಿಲ್ಲುವುದಿಲ್ಲ. ಜೊಲ್ಲು, ಕಣ್ಣೀರು, ಬೆವರು ನಿಲ್ಲುವುದಿಲ್ಲ, ಶ್ವಾಸಕೋಶದಲ್ಲೂ ನೀರು ಊರುತ್ತದೆ. ಮನುಷ್ಯ ಒಣ ನೆಲದ ಮೇಲೆ ಮುಳುಗುತ್ತಾನೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಆಟ್ರೊಪಿನ್ ಆಂಪುಲ್‌ಗಳ ಕತ್ತು ಮುರಿಯುವ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಟಕ್, ಟಕ್, ಟಕ್. ಒಂದರಲ್ಲಿ 0.6 ಮಿಲಿಗ್ರಾಂ. ಐದು ನಿಮಿಷಕ್ಕೊಮ್ಮೆ ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳುವರು, 'ಇನ್ನೂ ಐತಿ, ಡಬಲ್ ಮಾಡ್ರಿ' ಅನ್ನುವರು. ಟ್ರೇನಲ್ಲಿ ಗಾಜಿನ ಚೂರು ಗುಡ್ಡೆಯಾಯಿತು. ಆಟ್ರೊಪಿನ್ ಟವೆಲ್ಲು, ಅದೂ ಇದೇ ಸೀಟಿನ ಟವೆಲ್ಲು. ಸೀಟು ಬಹಳ, ಕೂತು ಏಳದವರೂ ಬಹಳ. ಹಾಗಾಗಿ ಬುಟ್ಟಿಗಟ್ಟಲೆ ಬೇಕು. ಸಂಜೆಯ ಹೊತ್ತಿಗೆ ಎದೆಯ ಗೊರಗೊರ ನಿಂತಿತು, ಬಾಯಿ ಒಣಗಿತು, ನಾಡಿ ಏರಿತು, ಪಾಪೆ ಅಗಲವಾಯಿತು. ಹುಡುಗ ಹಾಸಿಗೆಯ ಮೇಲೆ ಎದ್ದು ಕೂತು ಗಾಳಿಯಲ್ಲಿ ಏನನ್ನೋ ಕೀಳತೊಡಗಿದ, ಹೊದಿಕೆಯ ದಾರ ಎಳೆಯುತ್ತಾ ಇಲ್ಲದವರ ಜೊತೆ ಮಾತಾಡಿದ. ಅಣ್ಣ ಗಾಬರಿಯಿಂದ, 'ಹುಚ್ಚು ಹಿಡೀತೇನ್ರಿ?' ಅಂದ. 'ಇಲ್ಲಪ್ಪ, ಔಷಧಿ ಹತ್ತೈತಿ' ಅಂದೆ. ಮೂರನೇ ದಿನಕ್ಕೆ ಹುಡುಗ ನಕ್ಕ.

ಆ ಹುಚ್ಚು ನಾನು ಮೊದಲೂ ಕಂಡದ್ದೇ. ನಮ್ಮೂರು ಕೂಡ್ಲಿಗಿ ತಾಲ್ಲೂಕಿನದು, ಬಂಡೆಗುಂಡಿನ ಸೀಮೆ, ಗುಡೇಕೋಟೆಯ ಕರಡಿಗಳ ಆಸುಪಾಸು. ತಿಪ್ಪೆಯ ಪಕ್ಕ, ಹಾಳು ಗೋಡೆಯ ಬುಡದಲ್ಲಿ ಉಮ್ಮತ್ತಿ ಗಿಡ ಯಾರೂ ನೀರು ಹಾಕದೆ ಬೆಳೆಯುತ್ತಿತ್ತು. ಕಹಳೆಯಂಥ ಬಿಳಿ ಹೂ, ಮುಳ್ಳು ಮುಳ್ಳಿನ ಕಾಯಿ. ಹೂವನ್ನು ಶಿವನಿಗೆ ಏರಿಸುತ್ತಾರೆ; ಕಾಯಿಯ ಬೀಜ ತಿಂದ ಹುಡುಗನೊಬ್ಬ ಕೆಂಪಗೆ ಕಾದು, ಬಾಯಿ ಒಣಗಿ, ಗಾಳಿಯಲ್ಲಿ ದಾರ ಎಳೆಯುತ್ತಾ ಒಂದು ರಾತ್ರಿ ಊರನ್ನೇ ಎದ್ದು ಕೂರಿಸಿದ್ದ. ಉಮ್ಮತ್ತಿಯಲ್ಲಿರುವುದೂ ಆಟ್ರೊಪಿನ್ ಮತ್ತು ಅದರ ದಾಯಾದಿಗಳೇ. 'ಉನ್ಮತ್ತ' ಅನ್ನುವ ಮಾತೇ ಗಿಡದ ಹೆಸರಾಗಿದೆ ನೋಡಿ. ಇದೇ ಗಿಡದ ಒಣ ಎಲೆಯ ಹೊಗೆ ಎಳೆದರೆ ದಮ್ಮಿನವರಿಗೆ ಉಸಿರು ಬಿಡುತ್ತದೆ ಅಂತ ನಮ್ಮ ನಾಡಿನವರಿಗೆ ತಿಳಿದಿತ್ತು. ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ, ಆ ರೂಢಿ ಮದ್ರಾಸಿನಿಂದಲೇ ಇಂಗ್ಲೆಂಡಿಗೆ ಹೋಯಿತು. ಇವತ್ತು ದಮ್ಮಿಗೆ ಕೊಡುವ ಪಂಪುಗಳಲ್ಲಿ ಕೆಲವು ಆಟ್ರೊಪಿನ್‌ನ ಮೊಮ್ಮಕ್ಕಳು. ತಿಪ್ಪೆಯ ಗಿಡದ ವಿಷ ಹತ್ತಿ ಹೊಲದ ವಿಷಕ್ಕೆ ಅಡ್ಡ ನಿಂತ ಆ ಸಂಜೆ ನಾನು ಮನೆಗೆ ನಡೆದೇ ಹೋದೆ. ದಾರಿಯಲ್ಲಿ ಒಂದು ಉಮ್ಮತ್ತಿ ಗಿಡ ಸಿಕ್ಕಿತು, ನಿಂತು ನೋಡಿದೆ. ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ: ಗಿಡದಲ್ಲಿ ಎಷ್ಟು ವಿಷವಿದೆ ಅಂತ ಎಲೆ ನೋಡಿ ಹೇಳಲು ಯಾರಿಗೂ ಆಗದು, ಆಂಪುಲ್‌ನಲ್ಲಿ 0.6 ಮಿಲಿಗ್ರಾಂ ಅಂತ ಬರೆದಿರುತ್ತದೆ. ಜೀವ ಉಳಿಸುವುದು ಆ ಬರಹ.

ಅದೇ ಬಂಡೆಗುಂಡಿನ ಊರಲ್ಲಿ ಚೇಳು ಕಡಿಯದ ಮನೆಯಿರಲಿಲ್ಲ. ಕರಿ ಚೇಳು ಅಂಗೈಯಷ್ಟು ದೊಡ್ಡದು, ನೋಡಿದರೆ ಭಯ, ಆದರೆ ಅದರ ವಿಷ ಹಗುರ. ಭಯಪಡಬೇಕಾದದ್ದು ಬೆರಳುದ್ದದ ಕೆಂಪು ಚೇಳಿಗೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪನ ಮಗ, ನನಗಿಂತ ಮೂರು ವರ್ಷ ಚಿಕ್ಕವನು, ಕುಳ್ಳು ತೆಗೆಯಲು ಹೋಗಿ ಕಡಿಸಿಕೊಂಡ. ಮೊದಲು ಅತ್ತ. ಈರುಳ್ಳಿ ತಿಕ್ಕಿದರು, ಮಂತ್ರ ಹಾಕಿಸಿದರು, ಅಳು ನಿಂತಿತು. ಎಲ್ಲರೂ ಸಮಾಧಾನಪಟ್ಟರು. ನಾನು ಅವನ ಕೈ ಹಿಡಿದು ಕೂತಿದ್ದೆ. ಬೇಸಿಗೆಯ ಆ ರಾತ್ರಿಯಲ್ಲಿ ಅವನ ಕೈ ಬಾವಿಯ ನೀರಿನಷ್ಟು ತಣ್ಣಗಿತ್ತು, ಹಣೆಯ ಬೆವರು ದಿಂಬಿಗೆ ಇಳಿಯುತ್ತಿತ್ತು. ಬೆಳಗಿನ ಜಾವ ಕೆಮ್ಮು ಶುರುವಾಯಿತು, ಬಾಯಲ್ಲಿ ನಸುಗೆಂಪು ನೊರೆ. 'ಚೇಳು ಎದಿಗೆ ಏರಿತು' ಅಂದರು. ಕೋಳಿ ಕೂಗುವ ಹೊತ್ತಿಗೆ ಅವನಿರಲಿಲ್ಲ.

ಎದೆಗೆ ಏರಿದ್ದೇನು ಅನ್ನುವುದನ್ನು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಚೇಳಿನ ವಿಷ ತಾನೇ ಹೋಗಿ ಹೃದಯದಲ್ಲಿ ಕೂರುವುದಿಲ್ಲ. ನರದ ಮೇಲಿನ ಸೋಡಿಯಂ ಬಾಗಿಲನ್ನು ಮುಚ್ಚಲು ಬಿಡದೆ ಹಿಡಿಯುತ್ತದೆ. ನರ ಸುಮ್ಮನಾಗದೆ ಕೂಗುತ್ತದೆ, ಮೈ ತನ್ನದೇ ಅಡ್ರಿನಲಿನ್ ಬಗೆಯ ದೂತರನ್ನು ಕೊಡ ಕೊಡ ಸುರಿಯುತ್ತದೆ. ಅವು ರಕ್ತನಾಳದ ಮೇಲಿನ ಆಲ್ಫಾ ಎಂಬ ಸೀಟುಗಳಲ್ಲಿ ಕೂತು ನಾಳಗಳನ್ನು ಹಿಂಡುತ್ತವೆ. ಅದಕ್ಕೇ ಕೈ ತಣ್ಣಗಾಗುವುದು. ಆ ಬಿಗಿತದ ಎದುರು ರಕ್ತ ತಳ್ಳಿ ತಳ್ಳಿ ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಮಹಾರಾಷ್ಟ್ರದ ಮಹಾಡ ಅನ್ನುವ ಸಣ್ಣ ಊರಲ್ಲಿ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್ 1970ರ ದಶಕದಿಂದ ಇಂಥ ಮಕ್ಕಳ ಹಾಸಿಗೆಯ ಪಕ್ಕ ರಾತ್ರಿಯೆಲ್ಲ ಕೂತು, ನಾಡಿ, ಬೆವರು, ಬಿ.ಪಿ. ಬರೆದಿಟ್ಟು, ಪ್ರಾಜೊಸಿನ್ ಎಂಬ ಬಿ.ಪಿ. ಗುಳಿಗೆ ಕೊಟ್ಟು ನೋಡಿದರು. ಪ್ರಾಜೊಸಿನ್ ಅದೇ ಆಲ್ಫಾ ಸೀಟಿನ ಟವೆಲ್ಲು. ಸಾವು ತೀರಾ ಇಳಿಯಿತು. ದೊಡ್ಡ ಪ್ರಯೋಗಾಲಯವಿಲ್ಲದೆ, ಹಳ್ಳಿಯ ವಾರ್ಡಿನಿಂದ ಅವರು ಬರೆದದ್ದನ್ನು ಲಂಡನ್ನಿನ 'ಲ್ಯಾನ್ಸೆಟ್' ಪ್ರಕಟಿಸಿತು, 2022ರಲ್ಲಿ ಪದ್ಮಶ್ರೀ ಬಂತು. ಅಂಗಡಿಯಲ್ಲಿ ಪ್ರಾಜೊಸಿನ್ ಕೇಳುವವರು ವರ್ಷಕ್ಕೆ ಬೆರಳೆಣಿಕೆಯಷ್ಟು. ಆದರೂ ಅದರ ಪಟ್ಟಿ ನನ್ನ ಶೆಲ್ಫಿನಲ್ಲಿ ಒಂದು ದಿನವೂ ಖಾಲಿಯಾಗಲು ಬಿಡಲಿಲ್ಲ. ಚೇಳು ಕಡಿಸಿಕೊಂಡವರು ಬಂದರೆ ನೋವು ಕೇಳುವ ಮೊದಲು ಕೈ ಮುಟ್ಟಿ ನೋಡುತ್ತಿದ್ದೆ. ತಣ್ಣಗಿದ್ದರೆ, ಬೆವರಿದ್ದರೆ, ಆಟೊ ಕರೆಸಿ ಆಸ್ಪತ್ರೆಗೆ. ನೋವು ನಿಂತಿತು ಅಂತ ಹೇಳಿದರೂ ಬಿಡುತ್ತಿರಲಿಲ್ಲ.

ನನ್ನ ಹೆಂಡತಿಯ ತವರು ಹರಪನಹಳ್ಳಿಯ ಕಡೆ. ಆ ತಾಲ್ಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ನಮ್ಮ ಮಾವನವರು ಮಾತ್ರ ಅದೇ ಕಟ್ಟೆಯ ಮೇಲೆ ಕೂತು ಅದೇ ಕಥೆ ಹೇಳುತ್ತಿದ್ದರು. ಮುಂಗುಸಿ ನಾಗರಹಾವಿನ ಜೊತೆ ಕಾದಾಡಿ ಕಡಿಸಿಕೊಂಡರೆ ಓಡಿಹೋಗಿ ಒಂದು ಬೇರು ತಿಂದು ಬರುತ್ತದಂತೆ. 'ಆ ಬೇರು ಗೊತ್ತಾದ್ರ ಮನುಷ್ಯಾಗ ಹಾವಿನ ಭಯಾನ ಇರಂಗಿಲ್ಲ, ಅಳಿಯಂದ್ರ' ಅನ್ನುವರು. ನನಗೆ ಆ ಬೇರಿನ ಮೇಲೆ ಬಹಳ ದಿನ ಆಸೆಯಿತ್ತು.

ಬೇರು ಇರುವುದು ಮುಂಗುಸಿಯ ಮೈಯೊಳಗೇ. ನಾಗರಹಾವಿನ ವಿಷ ನರ ಮತ್ತು ಸ್ನಾಯು ಕೂಡುವ ಜಾಗದಲ್ಲಿರುವ ಅಸಿಟೈಲ್‌ಕೋಲಿನ್ ಸೀಟಿಗೆ ಬೀಳುವ ಟವೆಲ್ಲು. ಲ್ಯಾಂಗ್ಲಿ ಕೋಳಿಯಲ್ಲಿ ಕಂಡ ಅದೇ ಸೀಟು, ಕ್ಯುರಾರೆ ಮಾಡಿದ ಅದೇ ಕೆಲಸ. ಆದರೆ ಕಲ್ಲು ಕಟ್ಟಿದ ಟವೆಲ್ಲು, ಎತ್ತಲು ಬಾರದಷ್ಟು ಭಾರ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಆಮೇಲೆ ನಾಲಿಗೆ ತೊದಲುತ್ತದೆ, ಕೊನೆಗೆ ಉಸಿರೆಳೆಯುವ ಸ್ನಾಯು ಸುಮ್ಮನಾಗುತ್ತದೆ. ಇಸ್ರೇಲಿನ ವಿಜ್ಞಾನಿಗಳು 1992ರಲ್ಲಿ ಮುಂಗುಸಿಯ ಆ ಸೀಟನ್ನೇ ಬಿಡಿಸಿ ನೋಡಿದರು. ಅದರ ರಚನೆಯಲ್ಲಿ ಕೆಲವೇ ಕೆಲವು ಅಕ್ಷರ ಬದಲಾಗಿವೆ, ವಿಷ ಕೂರುವ ಕಡೆಗೆ ಸಕ್ಕರೆಯ ಅಣುವಿನ ಕೊಂಬೆಯೊಂದು ಅಡ್ಡ ಬೆಳೆದಿದೆ. ಸ್ವಂತ ದೂತ ಚಿಕ್ಕವನು, ನುಸುಳಿ ಬರುತ್ತಾನೆ. ಹಾವಿನ ವಿಷ ದೊಡ್ಡದು, ಕೊಂಬೆಗೆ ತಗುಲಿ ನಿಲ್ಲುತ್ತದೆ. ನಾಗರಹಾವಿನ ಮೈಯಲ್ಲೂ ಇಂಥದೇ ಏರ್ಪಾಡಿದೆ, ಇಲ್ಲದಿದ್ದರೆ ತನ್ನ ವಿಷಕ್ಕೆ ತಾನೇ ಸಾಯಬೇಕಿತ್ತು. ಇದನ್ನು ಮಾವನವರಿಗೆ ಹೇಳಿದೆ. ಬಹಳ ಹೊತ್ತು ಯೋಚಿಸಿ, 'ಹಂಗಾದ್ರ ನಮಗ ಆ ಬೇರು ದವಾಖಾನ್ಯಾಗ ಅಷ್ಟ ಸಿಗೋದು' ಅಂದರು. ಹೌದು ಮಾವಾರ ಅಂದೆ. ನಮಗೆ ಹುಟ್ಟಿನಿಂದ ಬಂದ ಕೊಂಬೆಯಿಲ್ಲ. ಕುದುರೆಯ ರಕ್ತದಿಂದ ತೆಗೆದ ಮದ್ದು ಬೇಕು, ಉಸಿರು ನಿಂತರೆ ಉಸಿರು ಕೊಡುವ ಯಂತ್ರ ಬೇಕು, ಅಲ್ಲಿಗೆ ಮುಟ್ಟುವವರೆಗೆ ಸಮಯ ಕಳೆಯದ ನೆಂಟರು ಬೇಕು. ಅದಾದ ಮೇಲೆ ಅವರು ಕಟ್ಟೆಯ ಮೇಲೆ ಈ ಕಥೆಯನ್ನೂ ಹೇಳತೊಡಗಿದರು, ಬೇರಿನ ಕಥೆಯ ಜೊತೆಗೇ.

ವಿಷದ ಮಾತೇ ಬಹಳವಾಯಿತು. ಹಡಗಲಿಗೆ ಬರೋಣ. ಹೂವಿನ ಹಡಗಲಿಯ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆಗಳ ಹಾಗೆ ಭೌಗೋಳಿಕ ಗುರುತಿನ ಪಟ್ಟವಿದೆ. ಹಂಪಿಗೆ ಇಲ್ಲಿಂದಲೇ ಹೂ ಹೋಗುತ್ತಿತ್ತು ಅಂತ ಊರವರು ಹೇಳುತ್ತಾರೆ. ನನ್ನ ಅಕ್ಕನ ಮನೆ ಅಲ್ಲೇ. ಬೇಸಿಗೆಯಲ್ಲಿ ಹೋದರೆ ಬಾಗಿಲು ದಾಟುತ್ತಿದ್ದಂತೆ ಎದೆ ತುಂಬುವ ಗಂಧ. ಮೂಗಿನ ಮೇಲುಭಾಗದಲ್ಲಿ ವಾಸನೆ ಹಿಡಿಯುವ ಗಿರಾಕಿಗಳು ಸುಮಾರು 400 ಬಗೆ ಇದ್ದಾರೆ. ಆ ದೊಡ್ಡ ಕುಟುಂಬವನ್ನು 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಕಂಡುಹಿಡಿದರು, 2004ರಲ್ಲಿ ನೊಬೆಲ್ ಪಡೆದರು. ಮಲ್ಲಿಗೆಯ ಗಂಧ ಒಂದು ವಸ್ತುವಲ್ಲ, ಹತ್ತಾರು. ಅದರಲ್ಲಿ ಇಂಡೋಲ್ ಅನ್ನುವುದು ಹೆಚ್ಚಿದ್ದರೆ ಹೇಲಿನ ನಾತ, ಚೂರೇ ಚೂರು ಇದ್ದರೆ ಮಲ್ಲಿಗೆಯ ಆ ಭಾರವಾದ, ರಾತ್ರಿಯಂಥ ಮಾದಕತೆ. ಇಷ್ಟೆಲ್ಲ ಹೇಳಿದರೆ ಅಕ್ಕ, 'ಹೋಗೋ, ಹೂವಿನ ಮುಂದ ಎಂಥಾ ಮಾತಾಡ್ತಿ' ಅಂತ ಗದರುತ್ತಾಳೆ.

ಹಜಾರದಲ್ಲಿ ಅಕ್ಕ, ಅವಳ ಸೊಸೆ, ಪಕ್ಕದ ಮನೆಯ ಇಬ್ಬರು ಕೂತು ಮೊಗ್ಗು ಕಟ್ಟುತ್ತಿರುತ್ತಾರೆ. ಎಡಗೈ ಹೆಬ್ಬೆರಳಿಗೆ ದಾರ, ಎರಡು ಮೊಗ್ಗು ಆಚೆ, ಎರಡು ಈಚೆ, ಒಂದು ಸುತ್ತು, ಒಂದು ಗಂಟು. ಕಣ್ಣು ಮೊಗ್ಗಿನ ಮೇಲಿಲ್ಲ, ಮಾತು ಎಲ್ಲೋ, ಬೆರಳು ಮಾತ್ರ ಓಡುತ್ತಿರುತ್ತವೆ. ಮೊಳ, ಮಾರು ಬೆಳೆದು ಮಡಿಲಲ್ಲಿ ಸುರುಳಿಯಾಗುತ್ತದೆ. ಹೋದ ಸಲ ನಾನು ಬಾಗಿಲಲ್ಲೇ ನಿಂತು, 'ಏನಕ್ಕಾ ವಾಸನಿ ಇದು!' ಅಂದೆ.

'ಎಲ್ಲೈತೋ ತಮ್ಮಾ?' ಅಂದಳು ಅಕ್ಕ. 'ಕೂತು ಒಂದು ಗಳಿಗ್ಯಾಗ ಹೋಗಿಬಿಡ್ತೈತಿ ನಮಗ. ದಿನಾ ಹೂವಿನಾಗ ಇರ್ತೀವಿ, ವಾಸನಿ ಬಂದೋರಿಗೆ.'

ಒಂದೇ ವಾಸನೆ ಬಂದು ಬಂದು ಕೂತರೆ ಒಳಗಿನ ಗಿರಾಕಿ ಬೇಸತ್ತು ಸುಮ್ಮನಾಗುತ್ತಾನೆ. ಹೊಸದು ಬಂದೀತು ಅಂತ ಕಿವಿ ತೆರೆದುಕೊಂಡು ಹಳೆಯದನ್ನು ಕೇಳಿಸಿಕೊಳ್ಳುವುದನ್ನು ಬಿಡುತ್ತಾನೆ. ನನಗದು ಗೊತ್ತಿತ್ತು. ಆದರೂ ಆ ದಿನ ಅಕ್ಕನನ್ನು ಎಬ್ಬಿಸಿದೆ. 'ಏಳು, ಹಿತ್ತಲಿಗೆ ಬಾ' ಅಂದೆ. ಇಬ್ಬರೂ ಬಾವಿಯ ಕಟ್ಟೆಯ ಮೇಲೆ ಕೂತು ಚಾ ಕುಡಿದೆವು. ಕೊಟ್ಟೂರಿನಿಂದ ಕಟ್ಟಿಸಿಕೊಂಡು ಬಂದಿದ್ದ ಮಿರ್ಚಿ ಆರಿತ್ತು, ಆದರೂ ಖಾರ ಆರಿರಲಿಲ್ಲ. ಅವಳು ಕಣ್ಣೊರೆಸಿಕೊಳ್ಳುತ್ತಾ ಚಿಕ್ಕಪ್ಪನ ಮಗನ ಮಾತು ತೆಗೆದಳು. ಅವನಿಗೂ ಖಾರ ಬಲು ಇಷ್ಟ ಇತ್ತು, ಅಲ್ಲೇನೋ ಅಂದಳು. ಹೌದು ಅಂದೆ. ಅರ್ಧ ಗಂಟೆಯಾಗಿರಬಹುದು. ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಹಜಾರದ ಬಾಗಿಲಿಗೆ ಬಂದವಳು ಹೊಸ್ತಿಲ ಮೇಲೆ ಕಾಲಿಟ್ಟು ನಿಂತಳು.

'ಬಂತು ನೋಡೋ' ಅಂದಳು.